ಕೇಬಲ್, ನೆಟ್, ರೀಚಾರ್ಜ್: ನಮ್ಮ ಮನೆ ಖರ್ಚು ಇಳಿಸಿದ್ದು ಹೀಗೆ

ನಾನು ಮಂಡ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯಜಮಾನರು ಆಟೊ ಓಡಿಸುತ್ತಾರೆ. ಅತ್ತೆ ಇದ್ದಾರೆ, ಪಿಯುಸಿ ಓದುವ ಮಗ ಇದ್ದಾನೆ. ಎಲ್ಲ ಸೇರಿ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು ಬರುತ್ತೆ, ಕೆಲವು ತಿಂಗಳು ಅಷ್ಟೂ ಇಲ್ಲ. ಇದರಲ್ಲಿ ಟಿವಿ, ಮೊಬೈಲ್, ನೆಟ್ ಅಂತ ಎಷ್ಟು ಹೋಗುತ್ತೆ ಅಂತ ಯಾರಾದರೂ ಕೇಳಿದ್ದರೆ ಮೊದಲೆಲ್ಲ ನನಗೆ ಹೇಳೋಕೆ ಬರುತ್ತಿರಲಿಲ್ಲ, ಯಾಕಂದ್ರೆ ಅದು ಒಟ್ಟಿಗೆ ಹೋಗುವ ದುಡ್ಡಲ್ಲ. ಇವತ್ತು ಮುನ್ನೂರು, ಮುಂದಿನ ವಾರ ಇನ್ನೊಂದು ಮುನ್ನೂರು, ತಿಂಗಳ ಮೊದಲಲ್ಲಿ ಕೇಬಲ್ ಹುಡುಗ. 2024ರ ಜುಲೈನಲ್ಲಿ ದೊಡ್ಡ ಖಾಸಗಿ ಮೊಬೈಲ್ ಕಂಪನಿಗಳೆಲ್ಲ ದರ ಏರಿಸಿದ ಮೇಲೆ ಕೈ ಕಚ್ಚೋಕೆ ಶುರುವಾಯಿತು. ಆಗ ಕೂತು ಲೆಕ್ಕ ಹಾಕಿದೆ.

ಲೆಕ್ಕ ಹಾಕುವಾಗ ತಿಂಗಳ ಲೆಕ್ಕ ಹಾಕಬೇಡಿ, ವರ್ಷದ್ದು ಹಾಕಿ. ಪ್ರಿಪೇಯ್ಡ್ ಪ್ಯಾಕ್ ಹೆಚ್ಚಿನವು 28 ದಿನದ್ದು. ಅಂದರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸುತ್ತೀರಿ. 299ರ ಪ್ಯಾಕ್ ವರ್ಷಕ್ಕೆ 3,887 ರೂಪಾಯಿ. ನಮ್ಮಲ್ಲಿ ಅಂಥ ಫೋನ್ ಮೂರು, ಅಲ್ಲಿಗೇ 11,661. ಅತ್ತೆಯ ಕೀಪ್ಯಾಡ್ ಫೋನಿಗೆ 199ರಂತೆ 2,587. ಕೇಬಲ್ ತಿಂಗಳಿಗೆ 380, ವರ್ಷಕ್ಕೆ 4,560. ಮಗ ಹಾಕಿಸಿಕೊಂಡಿದ್ದ ಒಂದು ಸಿನಿಮಾ ಆ್ಯಪ್ ತಿಂಗಳಿಗೆ 149, ವರ್ಷಕ್ಕೆ 1,788. ಒಟ್ಟು 20,596. ನಮ್ಮ ಒಂದು ತಿಂಗಳ ಪೂರ್ತಿ ಸಂಪಾದನೆ ಅದು. ಡೇಟಾ ಮುಗಿದಾಗ ಮಧ್ಯೆ ಹಾಕಿಸುವ ಚಿಲ್ಲರೆ ಪ್ಯಾಕ್ ಇದರಲ್ಲಿ ಸೇರಿಲ್ಲ.

ಆಮೇಲೆ ಒಂದು ವಾರ ಮನೆಯಲ್ಲಿ ಯಾರು ಏನು ನೋಡುತ್ತಾರೆ, ಎಲ್ಲಿ ಕೂತು ನೋಡುತ್ತಾರೆ ಅಂತ ಸುಮ್ನೆ ಗಮನಿಸಿದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಆಫರ್ ಹುಡುಕುತ್ತಾ ಕೂತರೆ ಏನೂ ಉಳಿಯಲ್ಲ, ಮನೆಯವರ ಅಭ್ಯಾಸ ಗೊತ್ತಾದರೆ ಉಳಿಯುತ್ತೆ. ಟಿವಿ ನೋಡುವವರು ಹೆಚ್ಚುಕಡಿಮೆ ಅತ್ತೆ ಒಬ್ಬರೇ. ಸಂಜೆ ಎರಡು ಚಾನೆಲ್‌ನ ಧಾರಾವಾಹಿ, ಬೆಳಿಗ್ಗೆ ಚಂದನ, ಮಧ್ಯೆ ನ್ಯೂಸ್. ಅಷ್ಟೇ. ಆದರೆ ನಮ್ಮ ಪ್ಯಾಕ್‌ನಲ್ಲಿ ತಮಿಳು, ತೆಲುಗು, ಹಿಂದಿ, ಸ್ಪೋರ್ಟ್ಸ್, ಕಾರ್ಟೂನ್ ಎಲ್ಲ ಇತ್ತು. ಮಗ ಟಿವಿ ಕಡೆ ತಿರುಗಿಯೂ ನೋಡಲ್ಲ. ನಾನೂ ಅವನೂ ಡೇಟಾ ಖರ್ಚು ಮಾಡುವುದು ಮನೆಯೊಳಗೇ, ಅವನ ಕಾಲೇಜಿಗೆ ಫೋನ್ ಒಯ್ಯುವ ಹಾಗೇ ಇಲ್ಲ.

ಮೊದಲು ಕೇಬಲ್‌ಗೆ ಕೈ ಹಾಕಿದೆ. ಇದರ ಲೆಕ್ಕ ಹೀಗೆ. 2019ರಲ್ಲಿ ಟ್ರಾಯ್, ಅಂದರೆ ಫೋನ್, ಕೇಬಲ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಹೊಸ ನಿಯಮ ತಂದಾಗಿನಿಂದ ಬಿಲ್‌ನಲ್ಲಿ ಎರಡು ಭಾಗ ಇದೆ. ಒಂದು ಕನೆಕ್ಷನ್‌ಗೆ ಕೊಡುವ ದುಡ್ಡು, ಅದಕ್ಕೆ ಎನ್‌ಸಿಎಫ್ ಅಂತಾರೆ. ಇನ್ನೊಂದು ನೀವು ಆರಿಸಿಕೊಂಡ ಪೇ ಚಾನೆಲ್‌ಗಳ ದುಡ್ಡು. ಎರಡರ ಮೇಲೂ 18% ಜಿಎಸ್‌ಟಿ. ಎನ್‌ಸಿಎಫ್ 130 ರೂಪಾಯಿ ಅಂತಿತ್ತು, 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆದುಬಿಟ್ಟಿತು. ಈಗ ಕಂಪನಿಗಳು ತಮ್ಮ ದರ ತಾವೇ ಇಟ್ಟುಕೊಳ್ಳಬಹುದು, ಆದರೆ ಅದನ್ನು ಪ್ರಕಟಿಸಬೇಕು. ನಮ್ಮ ಕಡೆ ಇನ್ನೂ 130 ಇದೆ, ನಿಮ್ಮಲ್ಲಿ ಎಷ್ಟು ಅಂತ ಕೇಳಿಕೊಳ್ಳಿ. ನ್ಯೂಸ್ ಚಾನೆಲ್‌ಗಳಲ್ಲಿ ಬಹಳಷ್ಟು ಉಚಿತ. ಚಂದನ ಅಂತೂ ಎಲ್ಲರಿಗೂ ಕೊಡಲೇಬೇಕು. ಹಾಗಾಗಿ ಅತ್ತೆಗೆ ಬೇಕಾದ ಪೇ ಚಾನೆಲ್ ಎರಡೇ, ತಲಾ 19 ರೂಪಾಯಿ. 130ಕ್ಕೆ 38 ಸೇರಿಸಿ, ಜಿಎಸ್‌ಟಿ ಹಾಕಿದರೆ 198 ರೂಪಾಯಿ 24 ಪೈಸೆ.

ಕೇಬಲ್ ಹುಡುಗ ಬಂದಾಗ ಇದನ್ನು ಹೇಳಿದೆ. 'ಅಕ್ಕಾ, ಹಾಗೆಲ್ಲ ಬರಲ್ಲ, ಪ್ಯಾಕೇ ತಗೋಬೇಕು' ಅಂದ. ಬಿಡಿ ಚಾನೆಲ್ ಕೇಳುವ ಹಕ್ಕು ನಮಗಿದೆ ಅಂತ ಹೇಳಿದೆ. ಅವನ ಜೊತೆ ವಾದ ಮಾಡಿ ಏನೂ ಪ್ರಯೋಜನ ಇಲ್ಲ, ಅವನು ಬರೀ ದುಡ್ಡು ವಸೂಲಿ ಮಾಡುವವನು. ಸೆಟ್‌ಟಾಪ್ ಬಾಕ್ಸ್ ಹಿಂದೆ ಒಂದು ನಂಬರ್ ಇರುತ್ತೆ, ಅದನ್ನು ಬರೆದುಕೊಂಡು, ಊರಿನ ಕೇಬಲ್‌ನವರಿಗೆ ಚಾನೆಲ್ ಕೊಡುವ ದೊಡ್ಡ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ನಾನು ಮಾಡಿದ್ದು ಅದೇ. ಈಗ ಯಾವ ಪ್ಯಾಕ್ ಇದೆ, ಏನು ತೆಗೆಯಬೇಕು, ಏನು ಇರಬೇಕು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ ಹೇಳಿದೆ, ದೂರಿನ ನಂಬರ್ ಕೇಳಿ ಪಡೆದೆ. ಆಮೇಲೆ ಬದಲಾಯಿತು. ಪ್ರತಿ ತಿಂಗಳು ರಸೀದಿಯನ್ನೂ ಕೇಳುತ್ತೇನೆ, ಬಾಯಿಮಾತಲ್ಲಿ ಬಿಟ್ಟರೆ 198 ಯಾವಾಗ 250 ಆಯಿತು ಅಂತ ಗೊತ್ತೇ ಆಗಲ್ಲ.

ಡಿಡಿ ಫ್ರೀ ಡಿಶ್ ಕೂಡ ಯೋಚಿಸಿದ್ದೆ. ಡಿಶ್, ಬಾಕ್ಸ್‌ಗೆ ಒಂದು ಸಲ ದುಡ್ಡು ಹಾಕಿದರೆ ಆಯಿತು, ತಿಂಗಳ ಬಿಲ್ಲೇ ಇಲ್ಲ. ಆದರೆ ಅತ್ತೆ ನೋಡುವ ಧಾರಾವಾಹಿ ಚಾನೆಲ್ ಅದರಲ್ಲಿ ಬರಲ್ಲ. ಎಪ್ಪತ್ತು ದಾಟಿದವರಿಗೆ ಸಂಜೆಯ ಎರಡು ಗಂಟೆ ಅದೇ ಸಂತೋಷ, ಅದನ್ನು ಕಿತ್ತುಕೊಂಡು ದುಡ್ಡು ಉಳಿಸುವುದು ನನಗೆ ಬೇಡ. ಧಾರಾವಾಹಿ ಹುಚ್ಚು ಇಲ್ಲದ ಮನೆಗೆ, ಚಂದನ, ಹಳೇ ಸಿನಿಮಾ, ಸುದ್ದಿ ಸಾಕು ಅನ್ನುವವರಿಗೆ ಅದಕ್ಕಿಂತ ಒಳ್ಳೇದು ಇಲ್ಲ.

ಮೊಬೈಲ್‌ನಲ್ಲಿ ಉಳಿದದ್ದು ಇನ್ನೂ ಜಾಸ್ತಿ. ಅತ್ತೆಯ ಕೀಪ್ಯಾಡ್ ಫೋನಿನಲ್ಲಿ ನೆಟ್ ಬರುವುದೇ ಇಲ್ಲ, ಆದರೂ ನಾವು 2 ಜಿಬಿ ಡೇಟಾ ಇರುವ ಪ್ಯಾಕ್ ಹಾಕಿಸಬೇಕಾಗಿತ್ತು, ಬೇರೆ ದಾರಿ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕಂಪನಿಗಳಿಗೆ ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಪ್ಯಾಕ್ ಕೊಡಲೇಬೇಕು ಅಂತ ಹೇಳಿತು. 2025ರ ಜನವರಿಯಲ್ಲಿ ಬಂದವು. ಆಗ ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ವರ್ಷಕ್ಕೆ 1,849 ಇತ್ತು. ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748 ಇತ್ತು. ರೀಚಾರ್ಜ್ ಅಂಗಡಿಯವರು ಇದನ್ನು ತಾವಾಗಿ ಹೇಳಲ್ಲ, ನಾವೇ 'ಡೇಟಾ ಇಲ್ಲದ್ದು ಕೊಡಿ' ಅಂತ ಬಾಯಿಬಿಟ್ಟು ಕೇಳಬೇಕು. ಹಾಕಿಸುವ ದಿನ ದರ ಇನ್ನೊಂದು ಸಲ ನೋಡಿಕೊಳ್ಳಿ, ಬದಲಾಗುತ್ತಾ ಇರುತ್ತೆ. ಅತ್ತೆಗೆ ಗೃಹಲಕ್ಷ್ಮಿಯ 2,000 ಬಂದಾಗ ವರ್ಷದ್ದು ಒಟ್ಟಿಗೆ ಹಾಕಿಸಿದೆವು. ಈಗ ಅವರ ಫೋನಿನ ಚಿಂತೆ ಇಲ್ಲ.

ನನಗೂ ಮಗನಿಗೂ ಡೇಟಾ ಇಲ್ಲದ ಅದೇ ವರ್ಷದ ಪ್ಯಾಕ್. ನೆಟ್‌ಗೆ ಮನೆಗೇ ಬ್ರಾಡ್‌ಬ್ಯಾಂಡ್ ಹಾಕಿಸಿದೆವು, 30 ಎಂಬಿಪಿಎಸ್‌ದು. ಜಾಹೀರಾತಿನಲ್ಲಿ 399 ಅಂತಿರುತ್ತೆ, ಕೈಯಿಂದ ಹೋಗುವುದು 470 ರೂಪಾಯಿ 82 ಪೈಸೆ. ಮೊಬೈಲ್ ಪ್ಯಾಕ್‌ನ ದರದಲ್ಲಿ ಜಿಎಸ್‌ಟಿ ಸೇರಿರುತ್ತೆ, ಕೇಬಲ್‌ಗೂ ಬ್ರಾಡ್‌ಬ್ಯಾಂಡ್‌ಗೂ ಹೊರಗಿನಿಂದ ಸೇರುತ್ತೆ. ಹೋಲಿಸುವಾಗ ಇದನ್ನು ಮರೆಯಬೇಡಿ. ವರ್ಷಕ್ಕೆ 5,650 ಆಯಿತು. ಮನೆಯಲ್ಲಿ ಮೂರು ಜನ ಡೇಟಾ ಬಳಸುವವರಿದ್ದರೆ ಮಾತ್ರ ಇದು ಗಿಟ್ಟುತ್ತೆ. ಒಬ್ಬರೋ ಇಬ್ಬರೋ ಇದ್ದರೆ ಒಂದು ಫೋನಿಗೆ ಡೇಟಾ ಹಾಕಿಸಿ ಹಾಟ್‌ಸ್ಪಾಟ್ ಕೊಡುವುದೇ ಸರಿ. ಬ್ಲೌಸ್ ಡಿಸೈನ್ ಫೋಟೊ, ಅಳತೆ ಎಲ್ಲ ನನಗೆ ವಾಟ್ಸಾಪ್‌ನಲ್ಲೇ ಬರುವುದು. ಪೇಟೆಗೆ ಹೋದಾಗ ನೆಟ್ ಇರಲ್ಲ, ಅದಕ್ಕೆ ಗಿರಾಕಿಗಳಿಗೆ ಅರ್ಜೆಂಟ್ ಇದ್ದರೆ ಫೋನೇ ಮಾಡಿ ಅಂತ ಹೇಳಿಟ್ಟಿದ್ದೇನೆ. ಕರೆಂಟ್ ಹೋದಾಗ ವೈಫೈಯೂ ಹೋಗುತ್ತೆ, ಅದೊಂದು ತೊಂದರೆ ಇದೆ.

ಯಜಮಾನರಿಗೆ ಹೊರಗೂ ಸ್ವಲ್ಪ ನೆಟ್ ಬೇಕು. ಆದರೆ ದಿನಕ್ಕೆ 1.5 ಜಿಬಿ ಯಾಕೆ? ಆಟೊದಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ದುಡ್ಡು ಹಾಕುವುದು ಪ್ರಯಾಣಿಕರ ಫೋನಿಂದ. ವಿಡಿಯೊ ನೋಡುವುದು ರಾತ್ರಿ ಮನೆಗೆ ಬಂದ ಮೇಲೆ. ಅವರಿಗೆ 84 ದಿನಕ್ಕೆ ಒಟ್ಟು ಆರೇಳು ಜಿಬಿ ಬರುವ, ಐನೂರರ ಆಸುಪಾಸಿನ ಪ್ಯಾಕ್ ಹಾಕಿಸಿದೆವು. ವರ್ಷಕ್ಕೆ ಸುಮಾರು 2,300.

ಸಿನಿಮಾ ಆ್ಯಪ್‌ದು ಬೇರೆ ಥರ. ಅದು ಆಟೊಪೇನಲ್ಲಿ ತಾನಾಗಿ ಕಟ್ ಆಗುತ್ತಿತ್ತು. ಆ್ಯಪ್ ಡಿಲೀಟ್ ಮಾಡಿದರೆ ದುಡ್ಡು ಹೋಗುವುದು ನಿಲ್ಲಲ್ಲ, ತುಂಬ ಜನ ನಿಲ್ಲುತ್ತೆ ಅಂದುಕೊಂಡಿದ್ದಾರೆ. ನೀವು ಬಳಸುವ ಯುಪಿಐ ಆ್ಯಪ್‌ನಲ್ಲಿ ಆಟೊಪೇ ಅಂತ ಒಂದು ಜಾಗ ಇರುತ್ತೆ, ಅಲ್ಲಿ ಹೋಗಿ ಕ್ಯಾನ್ಸಲ್ ಮಾಡಿ. ದುಡ್ಡು ಕಟ್ ಆಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ಆರ್‌ಬಿಐ ನಿಯಮ ಇದೆ, ಆ ಮೆಸೇಜ್ ಕಡೆ ಕಣ್ಣಿಡಿ. ಮಗನಿಗೆ ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳಿಗೆ ಮತ್ತೆ ಹಾಕಿಸಿಕೊಡುತ್ತೇನೆ ಅಂದಿದ್ದೇನೆ. ಒಪ್ಪಿದ.

ಈಗಿನ ವರ್ಷದ ಲೆಕ್ಕ ಸುಮಾರು 15,900. ಮೊದಲಿಗಿಂತ 4,700 ಕಡಿಮೆ, ಮನೆಗೆ ವೈಫೈ ಬಂದೂ ಸೇರಿ. ವರ್ಷದ ಪ್ಯಾಕ್‌ಗೆ ಒಂದೇ ಸಲ ದುಡ್ಡು ಹೊಂದಿಸುವುದೇ ಕಷ್ಟ ಅಂತ ಅಕ್ಕಪಕ್ಕದವರು ಹೇಳುತ್ತಾರೆ, ನಿಜ. ನನಗೆ ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗೌರಿ ಹಬ್ಬ ಅಂತ ಹೊಲಿಗೆ ಜಾಸ್ತಿ ಇರುತ್ತೆ, ನನ್ನದೂ ಮಗನದೂ ಆ ದುಡ್ಡಲ್ಲೇ ಹಾಕಿಸುತ್ತೇನೆ. ಅದೂ ಆಗದಿದ್ದರೆ 84 ದಿನದ್ದು ತಗೊಳ್ಳಿ, ವರ್ಷಕ್ಕೆ ಇನ್ನೂರರಷ್ಟು ಹೆಚ್ಚು ಬೀಳುತ್ತೆ, ಆದರೂ 28 ದಿನದ ಪ್ಯಾಕ್‌ಗಿಂತ ಎಷ್ಟೋ ವಾಸಿ.