ಎರಡೆಕರೆಗೆ ಯಾವ್ದು, ಹತ್ತೆಕರೆಗೆ ಯಾವ್ದು: ಮಳೆ ಕೈಕೊಡೋ ಕಾಲದ ಬೇಸಾಯ

ಮಳೆನೀರು ನಿಲ್ಸೋಕೆ ಹೊಂಡ ತೆಗ್ಸಿ, ಡ್ರಿಪ್ ಹಾಕ್ಸಿ, ರಾಗಿ ಮಧ್ಯೆ ಬೇರೆ ಬೆಳೆಯ ಅಕ್ಕಡಿ ಸಾಲು ಹಾಕಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ನಿಮ್ಗೆ ಜಮೀನು ಎಷ್ಟಿದೆ ಅಂತ ಮೊದ್ಲು ಕೇಳೋರು ಕಮ್ಮಿ. ತುಮಕೂರು ಕೋಲಾರ ಕಡೆ ಮಳೆ ನಂಬ್ಕೊಂಡು ರಾಗಿ ಹಾಕೋರಿಗೋಸ್ಕರ ಇದನ್ನ ಬರೀತಿದೀನಿ.

ಮೊದ್ಲು ಅವ್ರು ಹೇಳಿದ್ದನ್ನೆಲ್ಲಾ ಎರಡು ಪಾಲು ಮಾಡ್ಕೊಳ್ಳಿ. ಗುಂಟೆ ಲೆಕ್ಕದಲ್ಲಿ ಮಾಡಿ ನೋಡ್ಬಹುದಾದ್ದು ಒಂದು ಕಡೆ, ಅಂದ್ರೆ ತಳಿ, ಬಿತ್ತೋ ಟೈಮು, ಮುಚ್ಚಿಗೆ (ಒಣ ಹುಲ್ಲು ಸೊಪ್ಪು ಹಾಸಿ ಮಣ್ಣು ಮುಚ್ಚೋದು), ಅಕ್ಕಡಿ. ಮಾಡಿದ್ರೆ ಪೂರ್ತಿ ಮಾಡ್ಬೇಕು ಇಲ್ಲಾಂದ್ರೆ ಬಿಡ್ಬೇಕು ಅನ್ನೋವು ಇನ್ನೊಂದು ಕಡೆ, ಹೊಂಡ, ಬೋರು, ಮೆಷಿನ್ನು. ಮೊದಲ್ನೇದಕ್ಕೆ ಜಮೀನು ಸಾಲಲ್ಲ ಅನ್ನೋ ಮಾತೇ ಇಲ್ಲ. ಎರಡೆಕರೆ ಇರೋರೂ ಮುಂಗಾರು ಚೆನ್ನಾಗಿ ಹಿಡಿದ್ರೆ ಎಂಆರ್-6 ಥರ ದೀರ್ಘಾವಧಿ ತಳಿ ಹಾಕ್ಬಹುದು, ಜುಲೈ ಆದ್ರೆ ಮಧ್ಯಮಾವಧಿಯ ಜಿಪಿಯು-28, ಆಗಸ್ಟ್‌ಗೆ ಜಾರಿದ್ರೆ ಅಲ್ಪಾವಧಿಯ ಜಿಪಿಯು-48. ಪೂರ್ತಿ ಹೊಲ ಒಂದೇ ತಳಿಗೆ ಕೊಡ್ಬೇಡಿ, ಸಣ್ಣ ಹಿಡುವಳಿಯೋರಿಗೆ ಒಂದ್ ವರ್ಷ ಹೋದ್ರೆ ಮನೆ ಕಾಳೇ ಹೋಯ್ತು.

ಹೊಂಡದ್ದು ಸ್ವಲ್ಪ ಲೆಕ್ಕ ಹಾಕ್ಬೇಕು. 10 ಮೀಟರ್‌ಗೆ 10 ಮೀಟರ್ ಅಂದ್ರೆ ಹತ್ತತ್ರ 1 ಗುಂಟೆ, ಸುತ್ತ ಮಣ್ಣಿನ ಏರಿ ಸೇರಿದ್ರೆ 2 ಗುಂಟೆ ಅಂದ್ಕೊಳ್ಳಿ. ಎಕರೆಗೆ 40 ಗುಂಟೆ, ಸೋ ಒಂದೆಕರೆಯೋರಿಗೆ ಇಪ್ಪತ್ತರಲ್ಲಿ ಒಂದು ಪಾಲು ಹೊಲ ಹೋಯ್ತು, ಹತ್ತೆಕರೆಯೋರಿಗೆ ಅದು ಲೆಕ್ಕಕ್ಕೇ ಬರಲ್ಲ. ಆದ್ರೆ ನೀರಿನ ಕಡೆಯಿಂದ ನೋಡಿದ್ರೆ ಉಲ್ಟಾ. 3 ಮೀಟರ್ ಆಳ ತೆಗೆದು ಗೋಡೇನ ಚೆನ್ನಾಗಿ ಇಳಿಜಾರು ಬಿಟ್ರೆ ನಿಲ್ಲೋದು ಒಂದೂವರೆ ಲಕ್ಷ ಲೀಟರ್ ಅಷ್ಟೇ, ಒಂದೆಕರೆಗೆ ಒಂದು ಇಂಚು ನೀರು ಕೊಡೋಕೇ 1 ಲಕ್ಷ ಲೀಟರ್ ಬೇಕು. ತೆನೆ ಕಟ್ಟೋವಾಗ ಮಳೆ ನಿಂತ್ರೆ ಒಂದೆಕರೆಯೋರ ಪೂರ್ತಿ ಬೆಳೆಗೆ ಒಂದು ಸಲ ನೀರಾಯ್ತು, ಹತ್ತೆಕರೆಯೋರು ಯಾವ ಎಕರೆ ಉಳಿಸ್ಕೋಬೇಕು ಅಂತ ಮೊದ್ಲೇ ತೀರ್ಮಾನ ಮಾಡಿರ್ಬೇಕು. ಇನ್ನು ಮೂರೆಕರೆ ಮೂರು ಕಡೆ ಚೂರಾಗಿದ್ರೆ ಅದು ಮೂರೆಕರೆ ಅಲ್ಲ, ಒಂದೊಂದೆಕರೆ ಮೂರು, ಹಾಗೇ ಪ್ಲಾನ್ ಮಾಡಿ.

ಅಕ್ಕಡಿ ಸಾಲು, ಗುಣಿ ರಾಗಿ (ದೂರ ದೂರ ಗುಣಿ ಮಾಡಿ ಕೈಯಲ್ಲಿ ಸಸಿ ನೆಡೋದು) ಇವೆರಡು ಸಣ್ಣೋರಿಗೇ ಲಾಯಕ್ಕು, ಇದನ್ನ ಜಾಸ್ತಿ ಜನ ಒಪ್ಪಲ್ಲ. ರಾಗಿ ಮಧ್ಯೆ ಅವರೆ, ತೊಗರಿ ಇದ್ರೆ ಕಟಾವು ಮೆಷಿನ್ ಇಳ್ಸೋಕಾಗಲ್ಲ, ಕೈಯಲ್ಲೇ ಕೊಯ್ಬೇಕು, ಮನೆಯೋರೇ ಮಾಡ್ಕೊಳ್ಳೋ ಎರಡೆಕರೆಗೆ ಸರಿ, ಹತ್ತೆಕರೆಗೆ ಆಳು ಎಲ್ಲಿಂದ ತರ್ತೀರಾ? ದೊಡ್ಡೋರು ಬೇಕಾದ್ರೆ ಬದು ಪಕ್ಕದ ಎರಡ್ಮೂರೆಕರೆಗೆ ಮಾತ್ರ ಅಕ್ಕಡಿ ಇಟ್ಕೊಳ್ಳಿ.

ಮೆಷಿನ್ನು ಮಾತ್ರ ಸಣ್ಣೋರಿಗೆ ಕಾಟ. ಬಾಡಿಗೆಗೆ ಕೃಷಿ ಯಂತ್ರಧಾರೆ ಇದೆ ನಿಜ, ಆದ್ರೆ ಹದ ಮಳೆ ಬಿದ್ದ ದಿನ ಊರಿಗೂರೇ ಟ್ರ್ಯಾಕ್ಟರ್ ಕೇಳುತ್ತೆ, ಅರ್ಧ ಎಕರೆಗೆ ಅಂತ ಯಾರೂ ಬೇಗ ಬರಲ್ಲ. ಅಕ್ಕಪಕ್ಕದ ಹೊಲದೋರು ಸೇರಿ ಐದಾರೆಕರೆ ಒಟ್ಟಿಗೆ ಬುಕ್ ಮಾಡಿ, ಡ್ರೈವರ್‌ಗೂ ಗಿಟ್ಟುತ್ತೆ.

ಗುತ್ತಿಗೆ ಜಮೀನಾದ್ರೆ ಹೊಂಡ, ಮರ ಎಲ್ಲಾ ಮರ್ತುಬಿಡಿ, ಅದೇ ವರ್ಷ ದುಡ್ಡು ವಾಪಸ್ ಬರೋದಷ್ಟೇ ಮಾಡಿ.

ಕಾಗದ ಪತ್ರ: ಡ್ರಿಪ್‌ಗೆ ಕೇಂದ್ರದ ಯೋಜನೆಯಲ್ಲಿ ಸಬ್ಸಿಡಿ 5 ಎಕರೆ ಒಳಗಿನೋರಿಗೆ 55 ಪರ್ಸೆಂಟ್, ಮೇಲಿನೋರಿಗೆ 45, ರಾಜ್ಯ ಸೇರಿಸೋದು ಬೇರೆ. ನಾಡಕಚೇರಿಯಲ್ಲಿ ಸಣ್ಣ ಹಿಡುವಳಿ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ರೆ ಮೊದ್ಲು ಪೌತಿ ಖಾತೆ (ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡ್ಸಿ, ಆಮೇಲೆ ಸಬ್ಸಿಡಿ ಮಾತು. ಫಸಲ್ ಬಿಮಾ (ಬೆಳೆ ವಿಮೆ) ಕಂತು ರಾಗಿಗೆ ಮುಂಗಾರಲ್ಲಿ ವಿಮಾ ಮೊತ್ತದ 2 ಪರ್ಸೆಂಟ್, ಕಟ್ಟಿ, ಆದ್ರೆ ಬರಕ್ಕೆ ನಷ್ಟ ನೋಡೋದು ಪಂಚಾಯ್ತಿ ಅಥವಾ ಹೋಬಳಿ ಮಟ್ಟದ ಇಳುವರಿ ಮೇಲೆ, ನಿಮ್ಮೊಬ್ರ ಹೊಲ ಒಣಗಿದ್ರೆ ದುಡ್ಡು ಬರಲ್ಲ.