ಕಪ್ಪು-ಬಿಳುಪು ಪ್ರಿಂಟ್: ನೆರಳು ಮಸಿಯಾಗದ ಹಾಗೆ ತೆಗೆಯುವುದು ಹೇಗೆ?

ಕಪ್ಪು ಕೋಟು ತೊಟ್ಟವರೊಬ್ಬರು ಕತ್ತಲ ಬಾಗಿಲಿಗೆ ಒರಗಿ ನಿಂತ ಫೋಟೊ ಇದೆ ಎಂದುಕೊಳ್ಳಿ. ಕಂಪ್ಯೂಟರ್‌ನಲ್ಲಿ ಕೋಟಿನ ನಾಲ್ಕೂ ಗುಂಡಿ ಕಾಣುತ್ತವೆ, ತೋಳಿನ ಮಡಿಕೆಯೂ ಕಾಣುತ್ತದೆ. ಅದನ್ನೇ ದುಬಾರಿ ಹತ್ತಿ ಪೇಪರ್ ಮೇಲೆ ಪ್ರಿಂಟ್ ತೆಗೆದರೆ ಒಂದು ಗುಂಡಿ ಉಳಿದಿರುತ್ತದೆ, ಮಿಕ್ಕಿದ್ದೆಲ್ಲ ಮಸಿ. ಪ್ರಿಂಟರನ್ನು ಬೈದುಕೊಂಡು, ಬ್ರೈಟ್‌ನೆಸ್ ಏರಿಸಿ ಇನ್ನೊಂದು ಹಾಳೆ ಹಾಕುತ್ತಾರೆ. ಗುಂಡಿ ಕಾಣುತ್ತದೆ, ಆದರೆ ಮುಖ ಬಿಳುಚಿಕೊಂಡಿರುತ್ತದೆ. ಹೀಗೇ ಪ್ಯಾಕೆಟ್ ಖಾಲಿ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಹಾಳೆಯನ್ನು ಪರೀಕ್ಷೆಗೆ ಅಂತಲೇ ಎತ್ತಿಟ್ಟರೆ ಈ ಗೋಳು ತಪ್ಪುತ್ತದೆ.

1. ಪೇಪರ್, ಇಂಕ್

ಪಿಗ್ಮೆಂಟ್ ಇಂಕ್‌ನ, ಅಂದರೆ ಕರಗದ ಬಣ್ಣದ ಪುಡಿಯಿರುವ ಇಂಕ್‌ನ, ಪ್ರಿಂಟರ್ ಬೇಕು. ಕಪ್ಪಿನ ಜೊತೆ ಒಂದೆರಡು ಬೂದು ಇಂಕ್ ಇರಲೇಬೇಕು. ಬರೀ ನಾಲ್ಕು ಬಣ್ಣದ ಆಫೀಸ್ ಪ್ರಿಂಟರ್‌ನಲ್ಲಿ ಇದಕ್ಕೆ ಕೈಹಾಕಬೇಡಿ. ಅಗ್ಗದ ರೀಫಿಲ್ ಇಂಕ್ ಕೂಡ ಬೇಡ. ಒಂದು ಬಾಟಲಿಯ ಬೂದು ಇನ್ನೊಂದರ ಹಾಗೆ ಇರುತ್ತದೆಂಬ ನಂಬಿಕೆಯಿಲ್ಲ. ಹಾಗಾದಾಗ ಕೆಳಗೆ ಹೇಳುವ ಪರೀಕ್ಷೆಯೇ ದಂಡ.

ಪೇಪರ್ ವಿಷಯದಲ್ಲಿ ನನ್ನ ಓಟು 300 ಜಿಎಸ್‌ಎಂ (ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ ತೂಕ) ಆಸುಪಾಸಿನ, ಮ್ಯಾಟ್ ಅಂದರೆ ಹೊಳಪಿಲ್ಲದ ಹತ್ತಿ ಪೇಪರ್‌ಗೆ. ಬರೈಟಾ (ಬೇರಿಯಂ ಸಲ್ಫೇಟ್ ಲೇಪದ ಹೊಳಪು) ಪೇಪರ್‌ನಲ್ಲಿ ಕಪ್ಪು ಇನ್ನೂ ಆಳವಾಗಿ ಬರುತ್ತದೆ, ನಿಜ. ಆದರೆ ಗಾಜಿಲ್ಲದೆ ನೋಡುವಾಗ ಅದರ ಹೊಳಪು ನನಗೆ ಕಿರಿಕಿರಿ. ಪ್ಯಾಕೆಟ್ ಮೇಲೆ ‘ಮ್ಯೂಸಿಯಂ ಕ್ವಾಲಿಟಿ’ ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟು ನೋಡಿ. ಹಾಳೆ ನೀಲಿಯಾಗಿ ಝಗಮಗಿಸಿದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಜಾಸ್ತಿ ಇದೆ. ವರ್ಷ ಕಳೆದಂತೆ ಅದರ ಶಕ್ತಿ ಕುಂದಿ ಪೇಪರ್ ಹಳದಿಗೆ ತಿರುಗುತ್ತದೆ.

2. ಪರದೆ

ಹೆಚ್ಚಿನವರ ಪರದೆ ವಿಪರೀತ ಬೆಳಗುತ್ತಿರುತ್ತದೆ. ಅಳೆಯುವ ಸಾಧನ ಇದ್ದರೆ ಚದರ ಮೀಟರ್‌ಗೆ 80ರಿಂದ 100 ಕ್ಯಾಂಡೆಲಾಗೆ ಇಳಿಸಿ. ಇಲ್ಲವಾದರೆ, ಪ್ರಿಂಟ್ ನೋಡುವ ದೀಪದ ಕೆಳಗೆ ಖಾಲಿ ಹಾಳೆ ಹಿಡಿದು, ಪರದೆಯ ಬಿಳಿ ಅದಕ್ಕೆ ಹತ್ತಿರ ಬರುವವರೆಗೆ ಬೆಳಕು ತಗ್ಗಿಸಿ.

3. ಡ್ರೈವರ್: ಯಜಮಾನ ಒಬ್ಬನೇ ಇರಲಿ

ಡ್ರೈವರ್ ಅಂದರೆ ಕಂಪ್ಯೂಟರ್‌ನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ. ಅದರಲ್ಲಿ ಪ್ರಿಂಟರ್‌ನದೇ ಕಪ್ಪು-ಬಿಳುಪು ಮೋಡ್ ಬಳಸಿ. ಎಪ್ಸನ್‌ನಲ್ಲಿ ಅದು ‘ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್’, ಕ್ಯಾನನ್‌ನಲ್ಲಿ ‘ಬ್ಲ್ಯಾಕ್ ಅಂಡ್ ವೈಟ್ ಫೋಟೊ’. ಇದರಲ್ಲಿ ಹೆಚ್ಚಾಗಿ ಕಪ್ಪು, ಬೂದು ಇಂಕ್‌ಗಳೇ ಖರ್ಚಾಗುತ್ತವೆ, ಬಣ್ಣದ ಇಂಕ್ ಚೂರೇ ಚೂರು. ಹಾಗಾಗಿ ಕಿಟಕಿ ಬೆಳಕಿನಲ್ಲಿ ಒಂದು ಛಾಯೆ, ಬಲ್ಬ್ ಬೆಳಕಿನಲ್ಲಿ ಇನ್ನೊಂದು ಎಂಬ ತೊಂದರೆ ಕಡಿಮೆ. ಐಸಿಸಿ ಪ್ರೊಫೈಲ್ (ಒಂದು ಪೇಪರ್-ಇಂಕ್ ಜೋಡಿಯಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಫೈಲ್) ಮೂಲಕವೇ ಹೋಗುತ್ತೀರಾ? ಹಾಗಿದ್ದರೆ ಡ್ರೈವರ್‌ನ ಬಣ್ಣ ಹೊಂದಾಣಿಕೆಯನ್ನು ಆಫ್ ಮಾಡಿ. ಎರಡೂ ಒಟ್ಟಿಗೆ ನಡೆದರೆ ಪ್ರಿಂಟ್ ದಟ್ಟವಾಗಿ, ಒಂದು ಬಗೆಯ ಕೆನ್ನೀಲಿ ಛಾಯೆ ಹೊತ್ತು ಬರುತ್ತದೆ.

‘ಕಪ್ಪು ಇಂಕ್ ಮಾತ್ರ’ ಎಂಬ ಅಡ್ಡದಾರಿಯೂ ಕೆಲವರಿಗೆ ಇಷ್ಟ. ನನಗಿಲ್ಲ. ಆಕಾಶದ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿ ಕಾಣುತ್ತದೆ.

ಡ್ರೈವರ್‌ನಲ್ಲಿ ಮೀಡಿಯಾ ಟೈಪ್, ಅಂದರೆ ಪೇಪರ್‌ನ ಬಗೆ, ಸರಿಯಾಗಿ ಆರಿಸಿ. ಪ್ರಿಂಟರ್ ಮ್ಯಾಟ್ ಬ್ಲ್ಯಾಕ್ (ಮ್ಯಾಟ್ ಪೇಪರ್‌ನ ಕಪ್ಪು ಇಂಕ್) ಬಳಸಬೇಕೋ ಫೋಟೊ ಬ್ಲ್ಯಾಕ್ (ಹೊಳಪು ಪೇಪರ್‌ನದು) ಬಳಸಬೇಕೋ ಎಂದು ಅದನ್ನು ನೋಡಿಯೇ ತೀರ್ಮಾನಿಸುತ್ತದೆ. ಮ್ಯಾಟ್ ಪೇಪರ್‌ಗೆ ಫೋಟೊ ಬ್ಲ್ಯಾಕ್ ಬಿದ್ದರೆ ಕಪ್ಪು ಸಪ್ಪೆ.

4. ಪರೀಕ್ಷಾ ಪಟ್ಟಿ: ಇಲ್ಲಿ ಆತುರ ಬೇಡ

ಮ್ಯಾಟ್ ಪೇಪರ್‌ನ ಒರಟು ಮೈ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ. ಹಾಗಾಗಿ ಅದರ ಕಪ್ಪು ಒಂದು ಮಟ್ಟಕ್ಕಿಂತ ಆಳಕ್ಕೆ ಇಳಿಯದು. ಡೆನ್ಸಿಟಿ (ಕಪ್ಪಿನ ಗಾಢತೆಯ ಅಳತೆ, ಹೆಚ್ಚಿದಷ್ಟೂ ಕಪ್ಪು) ಅಳೆದರೆ ಮ್ಯಾಟ್ ಪೇಪರ್ ಸುಮಾರು 1.6ರಿಂದ 1.7ರಲ್ಲಿ ನಿಲ್ಲುತ್ತದೆ, ಒಳ್ಳೆಯ ಬರೈಟಾ 2.2 ದಾಟುತ್ತದೆ. ಪರದೆಯಲ್ಲಿ ಬೇರೆಬೇರೆ ಕಂಡ ನಾಲ್ಕೈದು ಕಡುಗಪ್ಪುಗಳು ಪೇಪರ್ ಮೇಲೆ ಒಂದೇ ಆಗಿಬಿಡುವುದು ಇದರಿಂದಲೇ. ನಿಮ್ಮ ಪೇಪರ್‌ನಲ್ಲಿ ಅವು ಎಲ್ಲಿ ಬೇರೆಯಾಗತೊಡಗುತ್ತವೆ? ಅದನ್ನು ಕಂಡುಹಿಡಿಯಬೇಕು.

ಫೋಟೊಶಾಪ್‌ನಂಥ ಯಾವುದಾದರೂ ತಂತ್ರಾಂಶದಲ್ಲಿ ಸಾಲಾಗಿ 13 ಚೌಕ ಮಾಡಿ. ಮೊದಲನೆಯದಕ್ಕೆ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಅಂಕಿ; 0 ಅಂದರೆ ಕಡುಗಪ್ಪು, 255 ಅಂದರೆ ಬಿಳಿ) ಮೂರೂ 0, ಆಮೇಲೆ 5, 10, 15 ಹೀಗೆ 60ರವರೆಗೆ ತುಂಬಿ. ಚೌಕಗಳ ಮಧ್ಯೆ ಬಿಳಿ ಗೆರೆ ಬಿಡಬೇಡಿ. ಒಂದಕ್ಕೊಂದು ತಾಗಿಕೊಂಡಿದ್ದರೇ ವ್ಯತ್ಯಾಸ ಕಣ್ಣಿಗೆ ಬೀಳುವುದು. ಕೆಳಗೆ ಇನ್ನೊಂದು ಸಾಲಿನಲ್ಲಿ 255, 252, 249 ಹೀಗೆ 240ರವರೆಗೆ ಇಳಿಯಿರಿ. ಅದೇ ಪೇಪರ್, ಅದೇ ಮೋಡ್, ಅದೇ ಮೀಡಿಯಾ ಟೈಪ್‌ನಲ್ಲಿ ಪ್ರಿಂಟ್ ತೆಗೆದು ರಾತ್ರಿಯಿಡೀ ಒಣಗಲು ಬಿಡಿ. ಹಸಿ ಪ್ರಿಂಟ್ ನೋಡಿ ತೀರ್ಪು ಕೊಡಬೇಡಿ.

ಮರುದಿನ ಚಿತ್ರ ತೂಗುವ ಜಾಗದ ಬೆಳಕಿನಲ್ಲೇ ನೋಡಿ. 20ರವರೆಗೆ ಎಲ್ಲ ಒಂದೇ ಕಪ್ಪು, 25ನೆಯದು ಮಾತ್ರ ಬೇರೆ ಕಾಣುತ್ತದೆ ಎಂದಿಟ್ಟುಕೊಳ್ಳಿ. ಈಗ ಫೋಟೊ ಮೇಲೆ ಕರ್ವ್ಸ್ ಲೇಯರ್ (ಒಂದು ಗೆರೆ ಬಾಗಿಸಿ ನೆರಳು-ಬೆಳಕು ಬದಲಿಸುವ ಪದರ) ಹಾಕಿ. ಗೆರೆಯ ಎಡ ತುದಿಯನ್ನು ಔಟ್‌ಪುಟ್ 20ಕ್ಕೆ ಎತ್ತಿ. 128ರ ಹತ್ತಿರ ಒಂದು ಬಿಂದು, 192ರ ಹತ್ತಿರ ಇನ್ನೊಂದು ಇಟ್ಟು, ಅಲ್ಲಿಂದ ಮೇಲಿನದು ಅಲುಗದಂತೆ ಹಿಡಿದಿಡಿ. ಆಗ ಕೋಟು ಮಾತ್ರ ಮೇಲೇಳುತ್ತದೆ, ಮುಖ ಇದ್ದ ಹಾಗೇ ಇರುತ್ತದೆ. ಬ್ರೈಟ್‌ನೆಸ್ ಸ್ಲೈಡರ್‌ನಿಂದ ಇದು ಆಗುವುದಿಲ್ಲ, ಅದು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ.

ಪರದೆಯಲ್ಲಿ ಈಗ ಕಪ್ಪು ಬೂದಾಗಿ ಕಾಣುತ್ತದೆ. ಕಪ್ಪೇ ಹೋಯಿತಲ್ಲ ಎಂದು ಹೆದರಿ ಬಹಳ ಜನ ಇಲ್ಲೇ ಹಿಂದೆ ಸರಿಯುತ್ತಾರೆ. ಹೋಗಿಲ್ಲ. ನಿಮ್ಮ ಪೇಪರ್‌ಗೆ 20 ಅಂದರೂ 0 ಅಂದರೂ ಒಂದೇ ಕಪ್ಪು, ಪಟ್ಟಿಯೇ ಹೇಳಿತಲ್ವಾ? ಆ ಲೇಯರ್‌ಗೆ ಪೇಪರ್‌ನ ಹೆಸರಿಟ್ಟು ಸೇವ್ ಮಾಡಿ. ಪೇಪರ್ ಬದಲಾದರೆ ಪಟ್ಟಿ ಮತ್ತೆ ಮಾಡಬೇಕು.

ಬಿಳಿ ಸಾಲಿನಲ್ಲಿ ಯಾವ ಚೌಕ ಮೊದಲು ಪೇಪರ್‌ನಿಂದ ಬೇರೆ ಕಾಣುತ್ತದೋ ನೋಡಿಕೊಳ್ಳಿ. ಮೋಡದ ಅಂಚು ಅದಕ್ಕಿಂತ ಬೆಳ್ಳಗಿದ್ದರೆ ಆಕಾಶ ಮಾರ್ಜಿನ್‌ನೊಳಗೆ ಕರಗಿಹೋಗುತ್ತದೆ.

5. ತುಂಡು ಪ್ರಿಂಟ್

ಚಿತ್ರವನ್ನು ಕೊನೆಯ ಅಳತೆಗೆ ತಂದು ಶಾರ್ಪನ್ ಮಾಡಿ. ಮ್ಯಾಟ್‌ಗೆ ಸ್ವಲ್ಪ ಜಾಸ್ತಿಯೇ ಬೇಕು, ಇಂಕ್ ಹರಡಿ ಮೃದುವಾಗುತ್ತದೆ. ಆಮೇಲೆ ಕೋಟು, ಮುಖ ಎರಡೂ ಬರುವ ಅಂಗೈ ಅಗಲದ ತುಂಡನ್ನು ಮಾತ್ರ ಪ್ರಿಂಟ್ ತೆಗೆಯಿರಿ. ಇಡೀ ಚಿತ್ರವನ್ನು ಚಿಕ್ಕದು ಮಾಡಿ ತೆಗೆದರೆ ಲೆಕ್ಕಕ್ಕಿಲ್ಲ, ಚಿಕ್ಕದರಲ್ಲಿ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ.

6. ದೊಡ್ಡ ಹಾಳೆ

ಮೊದಲು ಸಾದಾ ಪೇಪರ್ ಮೇಲೆ ನಾಝಲ್ ಚೆಕ್, ಅಂದರೆ ಇಂಕ್ ಚಿಮ್ಮುವ ರಂಧ್ರಗಳು ಕಟ್ಟಿಲ್ಲವೆಂದು ನೋಡುವ ಪ್ರಿಂಟ್. ಯಾವ ಬದಿಗೆ ಲೇಪವಿದೆ ಎಂದು ತಿಳಿಯದಿದ್ದರೆ ಮೂಲೆಗೆ ಒದ್ದೆ ಬೆರಳು ತಾಗಿಸಿ, ಅಂಟಂಟಾದ ಬದಿಯೇ ಪ್ರಿಂಟ್ ಬದಿ. ಹತ್ತಿ ಪೇಪರ್ ಮೇಲೆ ಸಣ್ಣ ನಾರು, ಧೂಳು ಕೂತಿರುತ್ತವೆ. ಅದರ ಮೇಲೆ ಇಂಕ್ ಬಿದ್ದು ನಾಳೆ ಉದುರಿದರೆ ಕೋಟಿನ ಮಧ್ಯೆ ಬಿಳಿ ಚುಕ್ಕಿ ಉಳಿಯುತ್ತದೆ. ಮೆತ್ತನೆಯ ಅಗಲ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ. ಅಂಚು ಸುರುಳಿಕೊಂಡಿದ್ದರೆ ಹಿಂದಕ್ಕೆ ಬಾಗಿಸಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪ್ರಿಂಟರ್‌ನ ಇಂಕ್ ಚಿಮ್ಮುವ ಹೆಡ್ ಉಜ್ಜಿ ಗೀರು ಬೀಳುತ್ತದೆ. ಡ್ರೈವರ್‌ನಲ್ಲಿ ದಪ್ಪ ಪೇಪರ್ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಒಂದೊಂದೇ ಹಾಳೆ ಕೊಡಿ.

7. ಒಣಗಿಸುವುದು

ಮುಟ್ಟಿದರೆ ಒಣಗಿದಂತೆ ಕಂಡರೂ ಕನಿಷ್ಠ 24 ಗಂಟೆ ಬಿಡಿ, ಅದಾದ ಮೇಲೆ ಗಾಜು. ಇಂಕ್‌ನಲ್ಲಿನ ದ್ರಾವಕ ನಿಧಾನವಾಗಿ ಆವಿಯಾಗುತ್ತದೆ. ಅವಸರಕ್ಕೆ ಫ್ರೇಮ್ ಹಾಕಿದರೆ ಗಾಜಿನ ಒಳಮೈ ಮಂಜಾಗುತ್ತದೆ. ಹಿಂಬದಿಯ ಅಂಚಿನಲ್ಲಿ ಪೇಪರ್, ಮೀಡಿಯಾ ಟೈಪ್, ಕರ್ವ್ ಹೆಸರನ್ನು ಮೆತ್ತನೆಯ ಪೆನ್ಸಿಲ್‌ನಿಂದ ಬರೆದಿಡಿ. ಬಾಲ್‌ಪೆನ್ ಬೇಡ, ಒತ್ತಿ ಬರೆದದ್ದು ಮುಂಬದಿಯಲ್ಲಿ ಗೀರಾಗಿ ಏಳುತ್ತದೆ.