ಸವೆದ ಪೆನ್ನಿಯಲ್ಲಿ ಎರಡು ಮಿಲಿಮೀಟರ್ ಸಿಕ್ಕಿದ್ದು

"ಅಚ್ಚಿನ ಭೇದ ನೋಡಬೇಕಾದರೆ ನಾಣ್ಯ ಹೊಸದರಂತಿರಬೇಕು. ಸವೆದದ್ದರಲ್ಲಿ ಏನು ನೋಡುತ್ತೀರಿ?" ಬರ್ಮಿಂಗ್‌ಹ್ಯಾಮ್‌ನ ಸಂಗ್ರಾಹಕ ಗೆಳೆಯರು ನಾಲ್ಕು ವರ್ಷ ಇದನ್ನೇ ಹೇಳಿದರು. ಕಳೆದ ಚಳಿಗಾಲದಲ್ಲಿ, ಕಿಲೋ ಲೆಕ್ಕದಲ್ಲಿ ಕೊಂಡ ರಾಶಿಯಿಂದ 1895ರ ಬ್ರಿಟಿಷ್ ಪೆನ್ನಿಯಲ್ಲಿ 'ಎರಡು ಮಿಲಿಮೀಟರ್' ಎಂಬ ಅಪರೂಪದ ಬಗೆಯವನ್ನು ಹೆಕ್ಕಿ ತೆಗೆದೆ. ಒಂದಲ್ಲ, ಎರಡು.

ವಿಕ್ಟೋರಿಯಾ ರಾಣಿಯ ಮುಸುಕಿನ ಮುಖ ಪೆನ್ನಿಗೆ ಬಂದ ಮೊದಲ ವರ್ಷ ಅದು. ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕೂತ ಬ್ರಿಟನ್ನಿನ ಪ್ರತೀಕ ಬ್ರಿಟಾನಿಯಾಳ ಅಕ್ಕಪಕ್ಕದ ಹಡಗೂ ದೀಪಸ್ತಂಭವೂ ಮಾಯವಾದ ವರ್ಷ. ಮಾಮೂಲು ನಾಣ್ಯದಲ್ಲಿ ತ್ರಿಶೂಲ 'ಪೆನ್ನಿ' ಪದದ 'ಪಿ' ಅಕ್ಷರದಿಂದ ಒಂದು ಮಿಲಿಮೀಟರ್ ದೂರ, ಅಪರೂಪದ್ದರಲ್ಲಿ ಎರಡು. ತೊಡಕೆಂದರೆ, ತ್ರಿಶೂಲದ ಮೊನೆ ಸವೆದಷ್ಟೂ ಅಂತರ ಹಿಗ್ಗುತ್ತದೆ. ಕ್ಯಾಲಿಪರ್ ಹಿಡಿದು ಅಳೆದಾಗ ಮಾಮೂಲು ನಾಣ್ಯಗಳೇ ಒಂದೂವರೆ ತೋರಿಸಿದವು. ಹಾಗೆ ನಂಬಿ ಇಟ್ಟುಕೊಂಡ ಏಳರಲ್ಲಿ ಏಳೂ ಸುಳ್ಳಾದವು.

ಆಮೇಲೆ ಮೊನೆಯನ್ನು ನೋಡುವುದನ್ನೇ ಬಿಟ್ಟೆ. ಎರಡು ಮಿಲಿಮೀಟರಿನದೇ ಎಂದು ಖಚಿತವಾದ ಒಂದು ನಾಣ್ಯದ ಚಿತ್ರವನ್ನು ಅರೆಪಾರದರ್ಶಕ ಮಾಡಿ, ಸವೆದದ್ದರ ಚಿತ್ರದ ಮೇಲೆ ಹೊಂದಿಸಿದೆ. ಹೊಂದಿಸಿದ್ದು ಅಂಚಿನ ಹಲ್ಲುಗಳ ಮೇಲೆ. ಆಗ ತ್ರಿಶೂಲದ ಕೋಲು ಎಲ್ಲಿ ನಿಲ್ಲುತ್ತದೆ ಎಂಬುದು ಸಾಕು. ಮೊನೆ ಹೋಗಿದ್ದರೂ ಕೋಲಿನ ನೆರಳು ಉಳಿದಿರುತ್ತದೆ. ಚಿತ್ರ ತೆಗೆಯುವಾಗ ದೀಪ ಒಂದೇ ಇರಲಿ, ಮೇಜಿಗೆ ತಾಗುವಷ್ಟು ಕೆಳಗಿರಲಿ. ಯಾವ ದಿಕ್ಕಿನಿಂದ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅದಕ್ಕೆ ಎರಡು ಚಳಿಗಾಲ ಕಳೆದಿದ್ದೇನೆ.

ಅದೇ ದೀಪ ಮೊದಲೇ ಇದ್ದಿದ್ದರೆ ಸುಮಾರು ಅರವತ್ತು ಪೌಂಡ್ ಉಳಿಯುತ್ತಿತ್ತು. ಇಸವಿಯ ಕೆಳಗೆ 'ಎಚ್' ಗುರುತಿಲ್ಲದ 1882ರ ಪೆನ್ನಿ ಎಂದು ಒಂದನ್ನು ಕೊಂಡಿದ್ದೆ. ಲಂಡನ್ ಟಂಕಸಾಲೆಯ ಆ ನಾಣ್ಯ ತೀರಾ ದುರ್ಲಭ. ಓರೆ ಬೆಳಕಿನಲ್ಲಿ ಇಸವಿಯ ಕೆಳಗೆ ಎರಡು ಗೀರು ಎದ್ದು ಬಂದವು, ನಡುವೆ ಒಂದು ಅಡ್ಡಗೆರೆ. ನಮ್ಮೂರ ಹೀಟನ್ ಟಂಕಸಾಲೆಯ 'ಎಚ್' ಅನ್ನು ಯಾರೋ ಹೆರೆದು ತೆಗೆದಿದ್ದರು. ಮಾರಿದವರು ಹಣ ಮರಳಿಸಲಿಲ್ಲ.

ಇನ್ನೊಂದು ಪ್ರಯೋಗವನ್ನು ಯಾರೂ ಮಾಡಬೇಡಿ. ಅಮ್ಮ ತಾಮ್ರದ ಬಿಂದಿಗೆ ತೊಳೆಯುತ್ತಿದ್ದದ್ದು ನೆನಪಾಗಿ ಹತ್ತು ಪೆನ್ನಿಗಳನ್ನು ಹುಣಸೆ ನೀರಿನಲ್ಲಿ ನೆನೆಸಿದೆ. ಗೆರೆಗಳು ಚೆನ್ನಾಗಿಯೇ ಕಂಡವು. ಆದರೆ ನಾಣ್ಯಗಳು ಗುಲಾಬಿ ಬಣ್ಣಕ್ಕೆ ತಿರುಗಿ, ಮೂರು ಕಾಸಿಗೂ ಬಾಳದಾದವು. ಈಗ ಜಿಡ್ಡು ಕರಗಿಸುವ ಅಸಿಟೋನ್ ದ್ರವ ಬಿಟ್ಟರೆ ಬೇರೇನೂ ಮುಟ್ಟಿಸುವುದಿಲ್ಲ.

ಲೆಕ್ಕ ಹೀಗೆ: ಹೆಚ್ಚುಕಡಿಮೆ ಮೂವತ್ತು ಕಿಲೋ, ಮೂರು ಸಾವಿರ ಚಿಲ್ಲರೆ ನಾಣ್ಯ, ಮುನ್ನೂರೈವತ್ತು ಪೌಂಡ್ ಖರ್ಚು. ಅದರಲ್ಲಿ 1895ರವು ನಲವತ್ತರ ಹತ್ತಿರ. ಸಿಕ್ಕ ಎರಡರಲ್ಲಿ ಒಂದನ್ನು ಐವತ್ತೈದಕ್ಕೆ ಕೊಟ್ಟೆ. ಕೊಂಡವರು ನನ್ನನ್ನು ಅನುಮಾನಿಸಿದ್ದ ಗೆಳೆಯರಲ್ಲೊಬ್ಬರೇ. ಉಳಿದ ರಾಶಿ ಕೊಂಡ ಬೆಲೆಗೇ ಹೋಯಿತು. ಇನ್ನೊಂದು ನನ್ನ ಬಳಿಯೇ ಇದೆ, ಮಾರುವುದಿಲ್ಲ.

ಈಗ ಮೇಜಿನ ಮೇಲೆ 1902ರವು ಇವೆ. ಸಮುದ್ರದ ಗೆರೆ ಕೆಳಗಿರುವ 'ಲೋ ಟೈಡ್' ಬಗೆ ಬರಿಗಣ್ಣಿಗೇ ಸಿಗುತ್ತದೆ ಎನ್ನುತ್ತಾರೆ. ಆ ಗೆರೆಯೇ ಅಳಿಸಿಹೋದ ಹನ್ನೆರಡನ್ನು ಬೇರೆ ಇಟ್ಟಿದ್ದೇನೆ.